ಮೊದಲ ಗೇಮಿಂಗ್ ಪಿಸಿ: ಪಾರ್ಟ್ಸ್ ಆರಿಸೋದು ಸ್ಕ್ರೀನ್‌ನಿಂದ ಶುರುವಾಗ್ಲಿ

ಪಿಸಿ ಕಟ್ಟೋಣ ಅಂತ ಮನಸ್ಸು ಮಾಡಿದ ತಕ್ಷಣ ಹೆಚ್ಚಿನೋರು ಕೇಳೋ ಮೊದಲ ಪ್ರಶ್ನೆ "ಯಾವ ಪ್ರೊಸೆಸರ್ ತಗೊಳ್ಲಿ?" ಅಂತ. ನಾನೂ ಅಲ್ಲಿಂದ್ಲೇ ಶುರು ಮಾಡಿದ್ದು. ಎಂಟು ಕೋರಿನ ಪ್ರೊಸೆಸರು, ಅದಕ್ಕೆ ತಕ್ಕ ಹಾಗೆ ಒಂದು ದಪ್ಪ ಮದರ್‌ಬೋರ್ಡು, ಗಾಜಿನ ಕ್ಯಾಬಿನೆಟ್ಟು, ಇಷ್ಟೆಲ್ಲ ತಗೊಂಡ್ಮೇಲೆ ಉಳಿದ ದುಡ್ಡಲ್ಲಿ ಯಾವ ಗ್ರಾಫಿಕ್ಸ್ ಕಾರ್ಡ್ ಸಿಕ್ತೋ ಅದನ್ನ ಹಾಕ್ದೆ. ಗೇಮ್ ಓಪನ್ ಮಾಡಿ ನೋಡಿದ್ರೆ ಕಾರ್ಡು 99 ಪರ್ಸೆಂಟಲ್ಲಿ ಏದುಸಿರು ಬಿಡ್ತಿದೆ, ಪ್ರೊಸೆಸರು 25-30 ಪರ್ಸೆಂಟಲ್ಲಿ ಸುಮ್ನೆ ಕೂತಿದೆ. ಎತ್ತು ಏರಿಗೆಳೀತು ಕೋಣ ನೀರಿಗೆಳೀತು ಅಂತಾರಲ್ಲ, ಹಾಗಾಯ್ತು. ಒಂದ್ ವರ್ಷ ಅದರಲ್ಲೇ ಸಾಗಿಸಿ ಆಮೇಲೆ ಕಾರ್ಡ್ ಬದ್ಲಾಯಿಸ್ದೆ, ಹಳೇದನ್ನ ಮಾರಿದಾಗ ಅರ್ಧ ದುಡ್ಡೂ ವಾಪಸ್ ಬರ್ಲಿಲ್ಲ.

ಅದಾದ್ಮೇಲೆ ನಾನು ಯಾರಿಗೆ ಪಾರ್ಟ್ಸ್ ಲಿಸ್ಟ್ ಮಾಡ್ಕೊಟ್ರೂ ಒಂದೇ ಕ್ರಮ: ಸ್ಕ್ರೀನ್ ಮೊದ್ಲು, ಅದಕ್ಕೆ ತಕ್ಕ ಗ್ರಾಫಿಕ್ಸ್ ಕಾರ್ಡು, ಕಾರ್ಡಿಗೆ ತಕ್ಕ ಪ್ರೊಸೆಸರು, ಮಿಕ್ಕಿದ್ದೆಲ್ಲ ಇವುಗಳ ಸೇವೆಗೆ. ಕೆಳಗೆ ಅದೇ ಕ್ರಮದಲ್ಲಿ ಹೇಳ್ತಾ ಹೋಗ್ತೀನಿ.

ಹಂತ 1: ಯಾವ ಸ್ಕ್ರೀನು, ಯಾವ ಗೇಮು

1080ಪಿ ಅಂದ್ರೆ 1920×1080, ಅಂದ್ರೆ ಒಂದೊಂದು ಫ್ರೇಮಿಗೂ (ಸ್ಕ್ರೀನ್ ಮೇಲೆ ಒಂದರ ಹಿಂದೆ ಒಂದು ಬರೋ ಚಿತ್ರಕ್ಕೂ) ಸುಮಾರು 20.7 ಲಕ್ಷ ಪಿಕ್ಸೆಲ್ ಬಣ್ಣ ಲೆಕ್ಕ ಹಾಕ್ಬೇಕು. 1440ಪಿ ಅಂದ್ರೆ 2560×1440, ಸುಮಾರು 36.9 ಲಕ್ಷ. 4ಕೆ ಗೆ ಹೋದ್ರೆ 82.9 ಲಕ್ಷ, ಅಂದ್ರೆ 1080ಪಿ ಯ ಸರಿಯಾಗಿ ನಾಲ್ಕು ಪಟ್ಟು. ಈ ಕೆಲಸ ಪೂರ್ತಿ ಗ್ರಾಫಿಕ್ಸ್ ಕಾರ್ಡಿನ ಹೆಗಲ ಮೇಲೆ ಬೀಳತ್ತೆ. ಅದಕ್ಕೇ ಸ್ಕ್ರೀನ್ ಯಾವುದು ಅಂತ ಗೊತ್ತಿಲ್ದೆ ಕಾರ್ಡ್ ಆರಿಸೋಕಾಗಲ್ಲ. ಇನ್ನೊಂದು ರಿಫ್ರೆಶ್ ರೇಟು, ಅಂದ್ರೆ ಸ್ಕ್ರೀನ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸತ್ತೆ ಅನ್ನೋದು: 60 ಹರ್ಟ್ಸ್ ಸ್ಕ್ರೀನಲ್ಲಿ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್ ಟೈಮ್ ಸಿಗತ್ತೆ, 144 ಹರ್ಟ್ಸಲ್ಲಿ ಬರೀ 6.9. ಅಷ್ಟರೊಳಗೆ ಪ್ರೊಸೆಸರೂ ತನ್ನ ಪಾಲಿನ ಕೆಲಸ ಮುಗಿಸಿರ್ಬೇಕು, ಕಾರ್ಡೂ ಮುಗಿಸಿರ್ಬೇಕು.

ಮಧ್ಯಮ ಬಜೆಟ್ಟಿಗೆ ನನ್ನ ಅಭಿಪ್ರಾಯ ಕೇಳಿದ್ರೆ 1440ಪಿ, 144 ಹರ್ಟ್ಸ್ ಅಥವಾ ಅದಕ್ಕಿಂತ ಸ್ವಲ್ಪ ಮೇಲಿನ ಸ್ಕ್ರೀನು ಸರಿಯಾದ ಜಾಗ. 1080ಪಿ ತಪ್ಪೇನಲ್ಲ, ಬಜೆಟ್ ಬಿಗಿ ಇದ್ರೆ ಅದೇ ಬುದ್ಧಿವಂತಿಕೆ. 4ಕೆ ಮಾತ್ರ ಈ ಬಜೆಟ್ಟಲ್ಲಿ ಬೇಡ, ಸ್ಕ್ರೀನ್ ತಗೊಂಡು ಗೇಮನ್ನ ಕಷ್ಟಪಟ್ಟು ಎಳ್ಕೊಂಡು ಹೋಗೋ ಹಾಗಾಗತ್ತೆ.

ಗೇಮ್ ಯಾವುದು ಅನ್ನೋದೂ ಅಷ್ಟೇ ಮುಖ್ಯ. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2 ಥರದ್ದು ಆಡೋರಿಗೆ ಫ್ರೇಮ್ ಜಾಸ್ತಿ ಬೇಕು, ಅಲ್ಲಿ ಪ್ರೊಸೆಸರ್ ಮೇಲೆ ಭಾರ ಜಾಸ್ತಿ. ಸೈಬರ್‌ಪಂಕ್ 2077 ಥರದ್ದು ಎಲ್ಲಾ ಸೆಟ್ಟಿಂಗ್ ಏರಿಸಿ ಆಡೋರಿಗೆ ಕಾರ್ಡೇ ದೇವ್ರು. ನೀವು ನಿಜವಾಗ್ಲೂ ಆಡೋ ಐದು ಗೇಮ್ ಹೆಸರು ಒಂದ್ ಹಾಳೆ ಮೇಲೆ ಬರ್ಕೊಳ್ಳಿ, ಮುಂದೆ ಯಾವುದೇ ರಿವ್ಯೂ ನೋಡಿದ್ರೂ ಆ ಐದರ ನಂಬರ್ ಮಾತ್ರ ಹುಡುಕಿ.

ಹಂತ 2: ದುಡ್ಡು ಹಂಚೋದು

ಕ್ಯಾಬಿನೆಟ್ ಒಳಗಿನ ಪಾರ್ಟ್ಸಿಗೆ ಒಟ್ಟು 100 ಇಟ್ಕೊಳ್ಳಿ. ಅದರಲ್ಲಿ 40 ಗ್ರಾಫಿಕ್ಸ್ ಕಾರ್ಡಿಗೆ, 18 ಪ್ರೊಸೆಸರು ಮತ್ತೆ ಕೂಲರ್ ಸೇರಿಸಿ, 12 ಮದರ್‌ಬೋರ್ಡ್, 10 ರ್ಯಾಮ್, 8 ಎಸ್‌ಎಸ್‌ಡಿ, 7 ಪವರ್ ಸಪ್ಲೈ, 5 ಕ್ಯಾಬಿನೆಟ್. ಇದು ಕಲ್ಲಲ್ಲಿ ಕೆತ್ತಿದ್ದೇನಲ್ಲ, ಮಾರ್ಕೆಟ್ ಅಲ್ಲಾಡಿದಾಗ ಇದೂ ಅಲ್ಲಾಡತ್ತೆ, 2025ರ ಕೊನೇಲಿ ರ್ಯಾಮ್ ಬೆಲೆ ಹೇಗೆ ಜಿಗಿದು ಕೂತ್ಕೊಳ್ತು ಅಂತ ಆ ಹೊತ್ತಲ್ಲಿ ಪಿಸಿ ಕಟ್ಟೋಕೆ ಹೊರಟೋರಿಗೆಲ್ಲ ಗೊತ್ತು. ಆದ್ರೆ ಒಂದು ಗೆರೆ ದಾಟ್ಬೇಡಿ: ಪ್ರೊಸೆಸರು ಮತ್ತೆ ಬೋರ್ಡು ಎರಡೂ ಸೇರಿ ಕಾರ್ಡಿಗಿಂತ ಜಾಸ್ತಿ ಆಗ್ತಿದ್ರೆ ಅಲ್ಲೇ ನಿಂತು ಲಿಸ್ಟನ್ನ ಮತ್ತೆ ಬರೀರಿ.

ಮಾನಿಟರ್, ಕೀಬೋರ್ಡ್, ಮೌಸ್, ಹೆಡ್‌ಫೋನ್, ವಿಂಡೋಸ್ ಲೈಸೆನ್ಸ್ ಇವೆಲ್ಲ ಆ 100ರ ಹೊರಗೆ. ಇವನ್ನ ಲೆಕ್ಕಕ್ಕೆ ಹಿಡೀದೆ ಪೂರ್ತಿ ದುಡ್ಡು ಡಬ್ಬಿಯೊಳಗೆ ಸುರಿದು ಕೊನೆಗೆ ಹಳೇ 60 ಹರ್ಟ್ಸ್ ಮಾನಿಟರಿಗೆ ಹೊಸ ಪಿಸಿ ಜೋಡಿಸೋರು ಬಹಳ ಜನ ಇದಾರೆ. ಆ ಪಿಸಿ 140 ಫ್ರೇಮ್ ಕೊಟ್ರೂ ಕಣ್ಣಿಗೆ ಕಾಣೋದು 60 ಮಾತ್ರ.

ಹಂತ 3: ಗ್ರಾಫಿಕ್ಸ್ ಕಾರ್ಡ್

ಇಲ್ಲಿ ನಿಧಾನ ಮಾಡಿ, ಬೇರೆ ಎಲ್ಲದಕ್ಕಿಂತ ಜಾಸ್ತಿ ಟೈಮ್ ಇಲ್ಲಿ ಕೊಡಿ.

ಮೊದ್ಲು ವಿರ್ಯಾಮ್, ಅಂದ್ರೆ ಕಾರ್ಡಿನ ಮೈಮೇಲೇ ಇರೋ ಮೆಮೊರಿ. ಗೇಮಿನ ಟೆಕ್ಸ್ಚರುಗಳು, ಅಂದ್ರೆ ಗೋಡೆ ನೆಲ ಬಟ್ಟೆ ಮೇಲೆ ಅಂಟಿಸೋ ಚಿತ್ರಗಳು, ಇಲ್ಲಿ ಕೂರ್ತಾವೆ. ಇದು ತುಂಬಿ ಹೋದ್ರೆ ಕಾರ್ಡು ಮದರ್‌ಬೋರ್ಡ್ ದಾಟಿ ಪಿಸಿಯ ರ್ಯಾಮಿಂದ ತರಿಸ್ಕೊಳ್ಬೇಕು, ಆ ದಾರಿ ವಿರ್ಯಾಮ್‌ಗೆ ಹೋಲಿಸಿದ್ರೆ ಬಹಳ ನಿಧಾನ, ಆಗ ಆವರೇಜ್ ಎಫ್‌ಪಿಎಸ್ (ಸೆಕೆಂಡಿಗೆ ಬರೋ ಫ್ರೇಮ್) ಚೆನ್ನಾಗೇ ತೋರಿಸ್ತಿರತ್ತೆ ಆದ್ರೆ ಆಟ ಮಧ್ಯ ಮಧ್ಯ ಗಕ್ಕನೆ ನಿಂತು ನಿಂತು ಹೋಗತ್ತೆ. ಇವತ್ತಿನ ದೊಡ್ಡ ಗೇಮುಗಳು 1440ಪಿ ಯಲ್ಲಿ ಹೈ ಸೆಟ್ಟಿಂಗ್ ಇಟ್ರೆ 8 ಜಿಬಿ ಸಾಲದೆ ಬರೋದು ಮಾಮೂಲಾಗಿದೆ. 1080ಪಿ ಯಲ್ಲಿ ವ್ಯಾಲೊರಂಟ್ ಥರದ ಇ-ಸ್ಪೋರ್ಟ್ಸ್ ಮಾತ್ರ ಆಡೋರು 8 ಜಿಬಿ ತಗೊಳ್ಳಿ, ತೊಂದ್ರೆ ಇಲ್ಲ. ಉಳಿದೋರಿಗೆ ನಾನು 12 ಜಿಬಿ ಕನಿಷ್ಠ, ಆಗೋದಾದ್ರೆ 16 ಅಂತೀನಿ.

ಈ ವರ್ಗದಲ್ಲಿ ನೋಡ್ಬೇಕಾದ ಹೆಸರುಗಳು: ಎಎಂಡಿ ಕಡೆಯಿಂದ ಆರ್‌ಎಕ್ಸ್ 9060 ಎಕ್ಸ್‌ಟಿ, ಎನ್‌ವಿಡಿಯಾ ಕಡೆಯಿಂದ ಆರ್‌ಟಿಎಕ್ಸ್ 5060 ಟಿಐ, ಎರಡೂ 2025ರಲ್ಲಿ ಬಂದಿದ್ದು. ಹುಷಾರು, ಈ ಎರಡೂ ಕಾರ್ಡುಗಳು ಒಂದೇ ಹೆಸರಲ್ಲಿ 8 ಜಿಬಿ ಮತ್ತೆ 16 ಜಿಬಿ ಅಂತ ಎರಡೆರಡು ಥರ ಸಿಗ್ತಾವೆ. ಬಾಕ್ಸ್ ನೋಡೋಕೆ ಒಂದೇ ಥರ ಇರತ್ತೆ, ಮೂಲೇಲಿ ಸಣ್ಣಗೆ ಬರೆದಿರೋ ನಂಬರ್ ಓದಿ ತಗೊಳ್ಳಿ. ಬಜೆಟ್ ಇನ್ನೂ ಕೆಳಗಿದ್ರೆ ಇಂಟೆಲ್ ಆರ್ಕ್ ಬಿ580 ಇದೆ, 12 ಜಿಬಿ, 2024ರ ಡಿಸೆಂಬರಲ್ಲಿ ಬಂದಿದ್ದು, ಆದ್ರೆ ಅದಕ್ಕೆ ರೀಸೈಜಬಲ್ ಬಾರ್ ಅನ್ನೋ ಬಯೋಸ್ (ಬೋರ್ಡಿನ ಒಳಗಿರೋ, ಪಿಸಿಯನ್ನ ಶುರು ಮಾಡಿಸೋ ಸಾಫ್ಟ್‌ವೇರ್) ಸೆಟ್ಟಿಂಗ್ ಆನ್ ಇರ್ಲೇಬೇಕು ಮತ್ತೆ ಹಳೇ ಪ್ರೊಸೆಸರ್ ಜೊತೆ ಅದರ ಪರ್ಫಾರ್ಮೆನ್ಸ್ ಬೀಳತ್ತೆ. ಹೊಸ ಬಿಲ್ಡಿಗೆ ಓಕೆ, ಹಳೇ ಪಿಸಿಗೆ ಹಾಕೋಕೆ ಬೇಡ. ಕೈಯಲ್ಲಿ ಸ್ವಲ್ಪ ಜಾಸ್ತಿ ಇದ್ರೆ 12 ಜಿಬಿಯ ಆರ್‌ಟಿಎಕ್ಸ್ 5070, 16 ಜಿಬಿಯ ಆರ್‌ಎಕ್ಸ್ 9070 ಕಡೆ ಕಣ್ಣು ಹಾಯಿಸಿ.

ಎಎಂಡಿನಾ ಎನ್‌ವಿಡಿಯಾನಾ ಅಂತ ಜಗಳಕ್ಕೆ ಕೂರೋ ಅವಶ್ಯಕತೆ ಇಲ್ಲ. ರೇ ಟ್ರೇಸಿಂಗ್ (ಬೆಳಕು ನೆರಳನ್ನ ನಿಜದ ಹಾಗೆ ಲೆಕ್ಕ ಹಾಕೋದು) ಜಾಸ್ತಿ ಬಳಸ್ತೀರಾ, ಬ್ಲೆಂಡರ್ ಥರ 3ಡಿ ಸಾಫ್ಟ್‌ವೇರಲ್ಲಿ ಕೆಲಸ ಇದೆಯಾ, ಆಗ ಎನ್‌ವಿಡಿಯಾಗೆ ಸ್ವಲ್ಪ ಜಾಸ್ತಿ ಕೊಡೋದ್ರಲ್ಲಿ ಅರ್ಥ ಇದೆ. ಬರೀ ಗೇಮ್ ಅಂದ್ರೆ ಕೊಟ್ಟ ದುಡ್ಡಿಗೆ ಎಷ್ಟು ಫ್ರೇಮ್ ಅಂತ ಭಾಗಾಕಾರ ಮಾಡಿ, ಅದು ಸಾಕು. ಅಪ್‌ಸ್ಕೇಲಿಂಗ್ ಮೂರೂ ಕಂಪನಿಗಳ ಹತ್ರ ಇದೆ, ಎನ್‌ವಿಡಿಯಾದ್ದು ಡಿಎಲ್‌ಎಸ್‌ಎಸ್, ಎಎಂಡಿದು ಎಫ್‌ಎಸ್‌ಆರ್, ಇಂಟೆಲ್‌ದು ಎಕ್ಸ್‌ಇಎಸ್‌ಎಸ್. ಕಡಿಮೆ ರೆಸಲ್ಯೂಷನ್ನಲ್ಲಿ ಚಿತ್ರ ಬರೆದು ದೊಡ್ಡದು ಮಾಡಿ ತೋರಿಸೋ ಟೆಕ್ನಿಕ್ ಇದು, 1440ಪಿ ಯಲ್ಲಿ ಕ್ವಾಲಿಟಿ ಮೋಡ್ ಇಟ್ರೆ ನನ್ನ ಕಣ್ಣಿಗಂತೂ ವ್ಯತ್ಯಾಸ ಸಿಗೋದು ಅಪರೂಪ. ಆದ್ರೆ ಫ್ರೇಮ್ ಜನರೇಷನ್ ಬೇರೆ ವಿಷಯ. ಅದು ನಿಜವಾದ ಎರಡು ಫ್ರೇಮಿನ ಮಧ್ಯೆ ಊಹೆ ಮಾಡಿ ಫ್ರೇಮ್ ತುಂಬಿಸತ್ತೆ, ನೋಡೋಕೆ ನುಣುಪಾಗಿ ಕಾಣತ್ತೆ, ಮೌಸ್ ಅಲ್ಲಾಡಿಸಿದಾಗ ಸಿಗೋ ಸ್ಪಂದನೆ ಮಾತ್ರ ಸುಧಾರಿಸಲ್ಲ, ಒಂದ್ ಚೂರು ನಿಧಾನಾನೇ ಆಗತ್ತೆ. ಮೊದ್ಲೇ 60 ಫ್ರೇಮ್ ಬರ್ತಿದ್ರೆ ಆನ್ ಮಾಡಿ ಮಜಾ ತಗೊಳ್ಳಿ, 25 ಬರೋ ಕಡೆ ಅದು ಕಾಪಾಡಲ್ಲ. ಹಾಗಾಗಿ ಕಂಪನಿಗಳು ತೋರಿಸೋ ಗ್ರಾಫಲ್ಲಿ ಫ್ರೇಮ್ ಜನರೇಷನ್ ಸೇರಿಸಿದ ನಂಬರ್ ಇದ್ರೆ ಅದನ್ನ ಪಕ್ಕಕ್ಕಿಡಿ.

ರಿವ್ಯೂ ನೋಡುವಾಗ ಆವರೇಜ್ ಜೊತೆಗೆ "1 ಪರ್ಸೆಂಟ್ ಲೋ" ಅಂತ ಒಂದು ನಂಬರ್ ಇರತ್ತೆ, ಅದನ್ನ ತಪ್ಪದೆ ನೋಡಿ. ಅತಿ ನಿಧಾನವಾದ ಫ್ರೇಮುಗಳು ಎಷ್ಟು ನಿಧಾನ ಅಂತ ಅದು ಹೇಳತ್ತೆ. ಆವರೇಜ್ 90 ಇದ್ದು ಲೋ 35 ಇರೋ ಕಾರ್ಡಿಗಿಂತ ಆವರೇಜ್ 80, ಲೋ 65 ಇರೋದು ಆಡೋಕೆ ಎಷ್ಟೋ ವಾಸಿ.

ಒಂದೇ ಚಿಪ್ಪನ್ನ ಹತ್ತು ಕಂಪನಿಗಳು ಹತ್ತು ಥರ ಫ್ಯಾನ್ ಹಾಕಿ ಮಾರ್ತಾವೆ. ಮೂರು ಫ್ಯಾನಿನ ದುಬಾರಿ ಮಾಡೆಲ್ಲಿಗೂ ಎರಡು ಫ್ಯಾನಿನ ಸಾದಾ ಮಾಡೆಲ್ಲಿಗೂ ಫ್ರೇಮಲ್ಲಿ ಇರೋ ವ್ಯತ್ಯಾಸ ಸಾಮಾನ್ಯವಾಗಿ ಕೈಬೆರಳಲ್ಲಿ ಎಣಿಸೋಷ್ಟು. 180 ವ್ಯಾಟ್ ಆಸುಪಾಸಿನ ಕಾರ್ಡಿಗೆ ಎರಡು ಫ್ಯಾನ್ ಧಾರಾಳ. ಆ ಉಳಿತಾಯದಲ್ಲಿ 8 ಜಿಬಿಯಿಂದ 16 ಜಿಬಿಗೆ ಹೋಗೋಕಾದ್ರೆ ಕಣ್ಮುಚ್ಚಿ ಹೋಗಿ.

ಹಂತ 4: ಪ್ರೊಸೆಸರ್

ಇಲ್ಲಿ ಒಂದು ವಿಷಯ ತಲೇಲಿ ಕೂತ್ರೆ ಅರ್ಧ ಗೊಂದಲ ಹೋಗತ್ತೆ. ಪ್ರೊಸೆಸರಿಗೆ ರೆಸಲ್ಯೂಷನ್ ಗೊಡವೆ ಹೆಚ್ಚು ಕಮ್ಮಿ ಇಲ್ಲವೇ ಇಲ್ಲ. ಯಾವ ಶತ್ರು ಎಲ್ಲಿದಾನೆ, ಗುಂಡು ಯಾರಿಗೆ ತಾಗ್ತು, ಏನೇನು ಚಿತ್ರ ಬರೀಬೇಕು ಅನ್ನೋ ಲೆಕ್ಕ ಅದರದ್ದು, ಅದು 1080ಪಿ ಯಲ್ಲೂ ಅಷ್ಟೇ 4ಕೆ ಯಲ್ಲೂ ಅಷ್ಟೇ. ಅಂದ್ರೆ ಒಂದು ಪ್ರೊಸೆಸರ್ ನಿಮ್ಮ ಗೇಮಲ್ಲಿ ಗರಿಷ್ಠ 130 ಫ್ರೇಮ್ ಕೊಡತ್ತೆ ಅಂದ್ರೆ ಎಂಥಾ ಕಾರ್ಡ್ ಹಾಕಿದ್ರೂ 130ರ ಮೇಲೆ ಏರಲ್ಲ. ಹಾಗೇ ನಿಮ್ಮ ಕಾರ್ಡ್ 1440ಪಿ ಯಲ್ಲಿ 90 ಕೊಡೋದಾದ್ರೆ 250 ಕೊಡೋ ಪ್ರೊಸೆಸರ್ ತಂದಿಟ್ರೂ 90ರಲ್ಲೇ ನಿಲ್ಲತ್ತೆ. ಎರಡರಲ್ಲಿ ಕಡಿಮೆ ಯಾವುದೋ ಅದೇ ನಿಮಗೆ ಸಿಗೋದು. ಪರ್ಸೆಂಟ್ ಲೆಕ್ಕದಲ್ಲಿ ಬಾಟಲ್‌ನೆಕ್ (ಯಾವ ಪಾರ್ಟ್ ಇನ್ನೊಂದನ್ನ ತಡೀತಿದೆ ಅನ್ನೋದು) ತೋರಿಸೋ ಆನ್‌ಲೈನ್ ಕ್ಯಾಲ್ಕುಲೇಟರ್‌ಗಳನ್ನ ನಂಬೋಕೆ ಹೋಗ್ಬೇಡಿ, ಗೇಮ್ ಗೇಮಿಗೂ ಈ ಲೆಕ್ಕ ಬದ್ಲಾಗತ್ತೆ.

ಮಧ್ಯಮ ಬಜೆಟ್ಟಿಗೆ 6 ಕೋರ್ 12 ಥ್ರೆಡ್ (ಒಂದೊಂದು ಕೋರೂ ಒಟ್ಟಿಗೆ ಎರಡೆರಡು ಕೆಲಸ ಹಿಡಿಯೋದು) ಸಾಕು. ರೈಝನ್ 5 7600 ಅಥವಾ 9600ಎಕ್ಸ್ ನನ್ನ ಮೊದಲ ಆಯ್ಕೆ. ಕಾರಣ ಚಿಪ್ಪಿಗಿಂತ ಅದು ಕೂರೋ ಸಾಕೆಟ್ಟು. ಎಎಂಡಿಯ ಎಎಂ5 ಸಾಕೆಟ್ 2022ರ ಸೆಪ್ಟೆಂಬರಲ್ಲಿ ಬಂತು, 2027ರ ತನಕ ಹಾಗೂ ಅದರಾಚೆಗೂ ಸಪೋರ್ಟ್ ಮಾಡ್ತೀವಿ ಅಂತ ಅವರೇ ಹೇಳಿದಾರೆ. ಹಿಂದಿನ ಎಎಂ4 ವಿಷಯದಲ್ಲಿ ಇದು ನಡೆದೂ ತೋರಿಸಿತು, 2017ರಲ್ಲಿ ಬೋರ್ಡ್ ತಗೊಂಡೋರಲ್ಲಿ ಎಷ್ಟೋ ಜನ ಬರೀ ಬಯೋಸ್ ಅಪ್‌ಡೇಟ್ ಮಾಡ್ಕೊಂಡು 2022ರ ರೈಝನ್ 7 5800ಎಕ್ಸ್3ಡಿ ಹಾಕ್ಕೊಂಡ್ರು. ಮೊದಲ ಪಿಸಿ ಕಟ್ಟೋರಿಗೆ ಇದು ದೊಡ್ಡ ಲಾಭ: ಇವತ್ತು 6 ಕೋರ್, ಮೂರ್ನಾಲ್ಕು ವರ್ಷ ಆದ್ಮೇಲೆ ಅದೇ ಬೋರ್ಡಲ್ಲಿ ಒಂದು ಎಕ್ಸ್3ಡಿ ಚಿಪ್ಪು. ಅಂದಹಾಗೆ ಎಕ್ಸ್3ಡಿ ಅಂದ್ರೆ ಚಿಪ್ಪಿಗೆ ಅಂಟಿದ ಹಾಗೆ ಇನ್ನೊಂದು ಪದರ ಕ್ಯಾಶ್ (ಪ್ರೊಸೆಸರಿನ ಒಳಗಿನ ಅತಿ ವೇಗದ) ಮೆಮೊರಿ ಕೂರಿಸಿರೋದು, 7800ಎಕ್ಸ್3ಡಿಯಲ್ಲಿ ಎಲ್3 ಕ್ಯಾಶೇ 96 ಎಂಬಿ. ಗೇಮಿಗೆ ಇದು ಬಹಳ ಒಳ್ಳೇದು, ಆದ್ರೆ ಮೊದಲ ದಿನವೇ ಬೇಕಿಲ್ಲ.

ಇಂಟೆಲ್ ಕಡೆ ಕೋರ್ ಐ5 12400ಎಫ್ ಇನ್ನೂ ಕಡಿಮೆ ಖರ್ಚಲ್ಲಿ ಮುಗಿಸೋ ದಾರಿ, 13400ಎಫ್ ಅದಕ್ಕಿಂತ ಒಂದ್ ಮೆಟ್ಟಿಲು ಮೇಲೆ. ಆದ್ರೆ ಆ ಎಲ್‌ಜಿಎ 1700 ಸಾಕೆಟ್ಟು 14ನೇ ಜನರೇಷನ್ನಿಗೆ ಮುಗೀತು, ಆಮೇಲಿನ ಕೋರ್ ಅಲ್ಟ್ರಾ ಚಿಪ್‌ಗಳಿಗೆ ಬೇರೆ ಸಾಕೆಟ್. 13 ಮತ್ತೆ 14ನೇ ಜನರೇಷನ್ನಿನ ಜಾಸ್ತಿ ವ್ಯಾಟಿನ ಚಿಪ್‌ಗಳಲ್ಲಿ ವೋಲ್ಟೇಜ್ ಏರಿ ಕ್ರ್ಯಾಶ್ ಆಗೋ ಸಮಸ್ಯೆ ಇದೆ ಅಂತ 2024ರಲ್ಲಿ ಇಂಟೆಲ್ ಒಪ್ಕೊಂಡು ಬಯೋಸ್ ಮೂಲಕ ಹಾಕೋ ಮೈಕ್ರೋಕೋಡ್ ಅಪ್‌ಡೇಟ್ ಕೊಟ್ಟಿದೆ, ಅಂಥದ್ದು ತಗೊಂಡ್ರೆ ಮೊದಲ ಕೆಲಸವೇ ಬಯೋಸ್ ಅಪ್‌ಡೇಟ್. ಸೆಕೆಂಡ್ ಹ್ಯಾಂಡಲ್ಲಿ ಆ ಚಿಪ್‌ಗಳನ್ನ ಮುಟ್ಬೇಡಿ, ಆಗ್ಲೇ ಹಾಳಾಗಿರೋದನ್ನ ಅಪ್‌ಡೇಟ್ ವಾಪಸ್ ತರಲ್ಲ.

ಹೆಸರಿನ ಕೊನೇ ಅಕ್ಷರ ಓದೋಕೆ ಕಲೀರಿ. ಇಂಟೆಲ್‌ನಲ್ಲಿ ಕೆ ಅಂದ್ರೆ ಓವರ್‌ಕ್ಲಾಕ್ ಮಾಡಬಹುದು (ನಿಗದಿಗಿಂತ ಜಾಸ್ತಿ ಸ್ಪೀಡಲ್ಲಿ ಓಡಿಸಬಹುದು), ಎಫ್ ಅಂದ್ರೆ ಒಳಗೆ ಗ್ರಾಫಿಕ್ಸ್ ಇಲ್ಲ. ಎಫ್ ಚಿಪ್ ಸ್ವಲ್ಪ ಅಗ್ಗ, ಆದ್ರೆ ನಾಳೆ ಕಾರ್ಡ್ ಕೈಕೊಟ್ರೆ ಸ್ಕ್ರೀನಲ್ಲಿ ಏನೂ ಬರಲ್ಲ, ತಪ್ಪು ಎಲ್ಲಿದೆ ಅಂತ ಹುಡುಕೋಕೂ ಕಷ್ಟ. ರೈಝನ್ 7600, 9600ಎಕ್ಸ್ ಒಳಗೆ ಚಿಕ್ಕದೊಂದು ಗ್ರಾಫಿಕ್ಸ್ ಇದೆ, 7500ಎಫ್‌ನಲ್ಲಿ ಇಲ್ಲ. ಮೊದಲ ಬಿಲ್ಡಿಗೆ ಒಳಗೆ ಗ್ರಾಫಿಕ್ಸ್ ಇರೋದೇ ಇರ್ಲಿ ಅನ್ನೋದು ನನ್ನ ಮಾತು.

ಕೂಲರ್ ಬಗ್ಗೆ ಒಂದೇ ಮಾತು: 7600 ಬಾಕ್ಸಲ್ಲೇ ಕೂಲರ್ ಬರತ್ತೆ, ಕೆಲಸ ನಡೆಯತ್ತೆ ಆದ್ರೆ ಸದ್ದು ಮಾಡತ್ತೆ, 9600ಎಕ್ಸ್ ಜೊತೆ ಬರಲ್ಲ. ಒಂದು ಸಾದಾ ಟವರ್ ಏರ್ ಕೂಲರ್ ಈ ಎರಡಕ್ಕೂ ಸಾಕು ಸಾಕು. ಲಿಕ್ವಿಡ್ ಕೂಲರಿಗೆ ಈ ಬಜೆಟ್ಟಲ್ಲಿ ಕೆಲಸ ಇಲ್ಲ.

ಹಂತ 5: ಮದರ್‌ಬೋರ್ಡ್

ಜನ ದುಡ್ಡು ಕಳ್ಕೊಳ್ಳೋದು ಇಲ್ಲೇ. 6 ಕೋರಿನ ಚಿಪ್ಪಿಗೆ ಟಾಪ್ ಎಂಡ್ ಬೋರ್ಡ್ ಹಾಕೋದು ಮೂಗಿಗಿಂತ ಮೂಗುತಿ ಭಾರ ಅನ್ನೋ ಹಾಗೆ. ಬೋರ್ಡು ಫ್ರೇಮ್ ಕೊಡಲ್ಲ. ಎಎಂ5ಗೆ ಬಿ650 ಅಥವಾ ಬಿ850, ಇಂಟೆಲ್ ಎಲ್‌ಜಿಎ 1700ಗೆ ಬಿ760 ಅಂತ ಹೆಸರಲ್ಲಿರೋ ಬೋರ್ಡ್ ಸಾಕು. ಎಚ್610 ಬೋರ್ಡಲ್ಲಿ ರ್ಯಾಮನ್ನ ಅದರ ಎಕ್ಸ್‌ಎಂಪಿ ಸ್ಪೀಡಿಗೆ (ಬಾಕ್ಸ್ ಮೇಲೆ ಬರೆದಿರೋ ಸ್ಪೀಡಿಗೆ) ಏರಿಸೋಕೆ ಬಿಡಲ್ಲ, ಅದಕ್ಕೇ ಅದನ್ನ ಬಿಡಿ.

ನೋಡ್ಬೇಕಾದ್ದು ಇಷ್ಟು. ಪ್ರೊಸೆಸರ್ ಸುತ್ತ ಇರೋ ವಿಆರ್‌ಎಂ (ಪ್ರೊಸೆಸರಿಗೆ ಬೇಕಾದ ವೋಲ್ಟೇಜ್ ಕೊಡೋ) ಭಾಗದ ಮೇಲೆ ಲೋಹದ ಹೀಟ್‌ಸಿಂಕ್ ಇದೆಯಾ, ನಾಳೆ 8 ಕೋರ್ ಹಾಕೋ ಆಸೆ ಇದ್ರೆ ಅದು ಬೇಕು. ಎಸ್‌ಎಸ್‌ಡಿ ಹಾಕೋ ಎಂ.2 ಸ್ಲಾಟ್ ಎರಡಾದ್ರೂ ಇದೆಯಾ. ವೈಫೈ ಬೇಕಾದ್ರೆ ಬೋರ್ಡಲ್ಲೇ ಇರೋದು ತಗೊಳ್ಳಿ. ಹಿಂದೆ ಯುಎಸ್‌ಬಿ ಪೋರ್ಟ್ ಎಷ್ಟಿದೆ ಅಂತ ಎಣಿಸಿ, ಇದನ್ನ ಯಾರೂ ಎಣಿಸಲ್ಲ, ಆಮೇಲೆ ಹಬ್ ತರ್ತಾರೆ. ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ರೆ ಅದಕ್ಕೆ ಸ್ವಲ್ಪ ಜಾಸ್ತಿ ಕೊಟ್ರೂ ಪರವಾಗಿಲ್ಲ. ಯಾಕಂದ್ರೆ ಬಿ650 ಬೋರ್ಡ್ ಗೋಡೌನಲ್ಲಿ ಹಳೇ ಬಯೋಸ್ ಜೊತೆ ಕೂತಿರಬಹುದು, ಅದಕ್ಕೆ 9000 ಸೀರೀಸ್ ಚಿಪ್ ಹಾಕಿದ್ರೆ ಆನ್ ಆಗಲ್ಲ, ಆ ಬಟನ್ ಇದ್ರೆ ಪೆನ್‌ಡ್ರೈವಲ್ಲಿ ಫೈಲ್ ಹಾಕಿ ಹಳೇ ಪ್ರೊಸೆಸರ್ ಇಲ್ದೇನೇ ಅಪ್‌ಡೇಟ್ ಮಾಡ್ಕೋಬಹುದು.

ಇಂಟೆಲ್ ತಗೊಳ್ಳೋರು ಇನ್ನೊಂದು ನೋಡಿ: ಬಿ760 ಬೋರ್ಡ್ ಡಿಡಿಆರ್4 ರ್ಯಾಮಿಂದೂ ಇದೆ, ಅದಕ್ಕಿಂತ ಹೊಸ ಡಿಡಿಆರ್5ದೂ ಇದೆ, ಸ್ಲಾಟಿನ ಕಚ್ಚು ಬೇರೆ ಬೇರೆ ಜಾಗದಲ್ಲಿರತ್ತೆ, ಒಂದರದ್ದು ಇನ್ನೊಂದಕ್ಕೆ ಕೂರಲ್ಲ. ಎಎಂ5ಗೆ ಡಿಡಿಆರ್5 ಮಾತ್ರ.

ಹಂತ 6: ರ್ಯಾಮ್

32 ಜಿಬಿ ಸಾಧ್ಯ ಆದ್ರೆ 32, ಬೆಲೆ ಮುಟ್ಟೋಕಾಗ್ದೇ ಇದ್ರೆ 16. ಎಷ್ಟು ಜಿಬಿ ತಗೊಂಡ್ರೂ ಎರಡು ಸ್ಟಿಕ್ ಒಂದೇ ಬಾಕ್ಸಲ್ಲಿ ಬರೋ ಕಿಟ್ ತಗೊಳ್ಳಿ. ಒಂದೇ ಸ್ಟಿಕ್ ಹಾಕಿದ್ರೆ ಸಿಂಗಲ್ ಚಾನೆಲ್, ಪ್ರೊಸೆಸರಿಗೆ ಡೇಟಾ ಬರೋ ದಾರಿ ಅರ್ಧಕ್ಕರ್ಧ ಕಿರಿದಾಗತ್ತೆ. ಇವಾಗ ಎರಡು ಹಾಕಿ ಆಮೇಲೆ ಇನ್ನೆರಡು ಸೇರಿಸ್ತೀನಿ ಅನ್ನೋ ಪ್ಲಾನ್ ಡಿಡಿಆರ್5ನಲ್ಲಿ ಒಳ್ಳೇದಲ್ಲ, ನಾಲ್ಕು ಸ್ಟಿಕ್ ಆದ್ರೆ ಸ್ಪೀಡ್ ಬಹಳ ಇಳಿಸ್ಬೇಕಾಗತ್ತೆ.

ಎಎಂ5ಗೆ 6000 ಸ್ಪೀಡು, ಸಿಎಲ್30 ಅಂತ ಎಲ್ಲರೂ ಹೇಳೋದು ಸುಮ್ನೆ ಅಲ್ಲ, ಆ ಪ್ಲಾಟ್‌ಫಾರ್ಮಿಗೆ ಅದು ಹದವಾದ ಜಾಗ. ಸಿಎಲ್ ಅಂದ್ರೆ ಕೇಳಿದ ಡೇಟಾ ಕೊಡೋಕೆ ರ್ಯಾಮ್ ಹಿಡಿಯೋ ಟೈಮಿನ ಅಳತೆ; ಈ ಸ್ಪೀಡಲ್ಲಿ ಸಿಎಲ್30 ಅಂದ್ರೆ 10 ನ್ಯಾನೋಸೆಕೆಂಡ್, ಸಿಎಲ್36 ಅಂದ್ರೆ 12, ವ್ಯತ್ಯಾಸ ಚಿಕ್ಕದು, ಬೆಲೇಲಿ ದೊಡ್ಡ ಅಂತರ ಇದ್ರೆ 36 ತಗೊಂಡು ಆರಾಮಾಗಿರಿ. ಆದ್ರೆ ಇದನ್ನ ಮರೀಬೇಡಿ: ರ್ಯಾಮ್ ಹಾಕಿದ ತಕ್ಷಣ 6000ದಲ್ಲಿ ಓಡಲ್ಲ, ಸಾಮಾನ್ಯವಾಗಿ 4800ರಲ್ಲಿ ಶುರುವಾಗತ್ತೆ. ಬಯೋಸ್‌ಗೆ ಹೋಗಿ ಎಕ್ಸ್‌ಪೋ (ಎಎಂಡಿಯ ಹೆಸರು) ಅಥವಾ ಎಕ್ಸ್‌ಎಂಪಿ (ಇಂಟೆಲ್‌ದು) ಆನ್ ಮಾಡ್ಬೇಕು. ನನ್ನ ಒಬ್ಬ ಪರಿಚಯದೋರು ಎರಡು ವರ್ಷ ಇದನ್ನ ಆನ್ ಮಾಡ್ದೇನೇ ಆಡಿದ್ರು. ನಾಲ್ಕು ಸ್ಲಾಟಿನ ಬೋರ್ಡಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿದ್ರೆ ಸಾಮಾನ್ಯವಾಗಿ ಎರಡನೇದು ಮತ್ತೆ ನಾಲ್ಕನೇದಕ್ಕೆ ಹಾಕ್ಬೇಕು, ಮ್ಯಾನ್ಯುಯಲ್ಲಲ್ಲಿ ಚಿತ್ರ ಇರತ್ತೆ ನೋಡ್ಕೊಳ್ಳಿ.

ಹಂತ 7: ಎಸ್‌ಎಸ್‌ಡಿ

ಇಲ್ಲಿ ತಲೆ ಕೆಡಿಸ್ಕೊಳ್ಬೇಡಿ. 1 ಟಿಬಿ ಎನ್‌ವಿಎಂಇ (ನೇರ ಬೋರ್ಡಿಗೆ ಕೂರೋ ವೇಗದ ಎಸ್‌ಎಸ್‌ಡಿ), ಪಿಸಿಐಇ 4.0, ಟಿಎಲ್‌ಸಿ ಮೆಮೊರಿ ಅಂತ ಸ್ಪೆಸಿಫಿಕೇಷನ್ನಲ್ಲಿ ಬರೆದಿರತ್ತೆ, ಇಷ್ಟಿದ್ರೆ ಮುಗೀತು. ದೊಡ್ಡ ಗೇಮ್ ಒಂದೊಂದೂ 100 ಜಿಬಿ ದಾಟ್ತಿರೋದ್ರಿಂದ ಸಾಧ್ಯ ಆದ್ರೆ 2 ಟಿಬಿ. ಸೆಕೆಂಡಿಗೆ 7000 ಎಂಬಿ ಓಡೋದಕ್ಕೂ 3500 ಓಡೋದಕ್ಕೂ ಗೇಮ್ ಲೋಡ್ ಆಗೋದ್ರಲ್ಲಿ ಒಂದೆರಡು ಸೆಕೆಂಡ್ ವ್ಯತ್ಯಾಸ ಬರಬಹುದು, ಪಿಸಿಐಇ 5.0 ಡ್ರೈವಿಗೆ ಕೊಡೋ ದುಡ್ಡು ಕಾರ್ಡಿಗೆ ಕೊಡಿ. ಹಾರ್ಡ್‌ಡಿಸ್ಕಲ್ಲಿ ಫೋಟೋ ಇಡಿ, ಗೇಮ್ ಬೇಡ.

ಹಂತ 8: ಪವರ್ ಸಪ್ಲೈ

ನಾನು ಎರಡನೇ ಸಲ ಪಿಸಿ ಕಟ್ಟಿದಾಗ ಕಾರ್ಡಿಗೆ ಜಾಸ್ತಿ ಹಾಕಿ ಪವರ್ ಸಪ್ಲೈಯಲ್ಲಿ ಉಳಿಸ್ದೆ. ಹೆಸರೇ ಕೇಳಿರದ ಬ್ರ್ಯಾಂಡು, ಮೇಲೆ 600 ವ್ಯಾಟ್ ಅಂತ ದೊಡ್ಡದಾಗಿ ಬರೆದಿತ್ತು. ಗೇಮ್ ಶುರುವಾಗಿ ಹತ್ತು ನಿಮಿಷಕ್ಕೆ ಪಿಸಿ ಫಟ್ ಅಂತ ಆಫ್ ಆಗೋದು. ನಾನು ವಿಂಡೋಸ್ ಮತ್ತೆ ಹಾಕ್ದೆ, ಡ್ರೈವರ್ ಬದಲಾಯಿಸ್ದೆ, ರ್ಯಾಮ್ ಒಂದೊಂದೇ ತೆಗೆದು ನೋಡ್ದೆ, ಮೂರು ವಾರ ಹೋಯ್ತು. ಕೊನೆಗೆ ಗೆಳೆಯನ ಪವರ್ ಸಪ್ಲೈ ತಂದು ಹಾಕಿದ ದಿನ ಎಲ್ಲಾ ಸರಿಯಾಯ್ತು. ಕಾರ್ಡಾಗ್ಲಿ ಬೋರ್ಡಾಗ್ಲಿ ಸುಟ್ಟು ಹೋಗ್ದೆ ಉಳಿದಿದ್ದು ನನ್ನ ಅದೃಷ್ಟ. ಪಿಸಿಯ ಎಲ್ಲಾ ಪಾರ್ಟುಗಳಿಗೂ ಕರೆಂಟ್ ಹೋಗೋದು ಇದೊಂದರಿಂದ, ಇದು ಕೆಟ್ರೆ ಜೊತೇಲಿರೋರನ್ನೂ ಕರ್ಕೊಂಡು ಹೋಗಬಹುದು.

ಲೆಕ್ಕ ಹೀಗೆ ಹಾಕಿ. ಆರ್‌ಟಿಎಕ್ಸ್ 5060 ಟಿಐ 180 ವ್ಯಾಟ್, ರೈಝನ್ 7600 ಹೆಚ್ಚಂದ್ರೆ 88 ವ್ಯಾಟ್, ಬೋರ್ಡು ರ್ಯಾಮು ಫ್ಯಾನು ಡ್ರೈವು ಸೇರಿ ಒಂದು 60. ಒಟ್ಟು 330ರ ಹತ್ರ. ಹಾಗಂತ 400 ವ್ಯಾಟಿಂದು ತಗೊಳ್ಬೇಡಿ, ಗ್ರಾಫಿಕ್ಸ್ ಕಾರ್ಡುಗಳು ಕೆಲವು ಮಿಲಿಸೆಕೆಂಡ್ ಕಾಲ ತಮ್ಮ ರೇಟಿಂಗ್ ಮೀರಿ ಎಳೀತಾವೆ, ಆ ಗಳಿಗೇಲಿ ಸಪ್ಲೈ ಸುಸ್ತಾದ್ರೆ ನನಗಾದ ಹಾಗೇ ಆಫ್. ಒಳ್ಳೇ ಕಂಪನಿಯ 650 ವ್ಯಾಟ್ ಇದ್ರೆ ಇವತ್ತಿಗೂ ಆಯ್ತು, ಮುಂದಿನ ಕಾರ್ಡಿಗೂ ಜಾಗ ಉಳೀತು. 5070 ವರ್ಗಕ್ಕೆ ಹೋದ್ರೆ ಆ ಕಾರ್ಡೇ 250 ವ್ಯಾಟ್, ಅಲ್ಲಿ 650 ಕನಿಷ್ಠ, 750 ನೆಮ್ಮದಿ.

80 ಪ್ಲಸ್ ಬ್ರಾಂಜ್, ಗೋಲ್ಡ್ ಅನ್ನೋ ಸ್ಟಿಕರ್ ಹೇಳೋದು ಎಫಿಷಿಯೆನ್ಸಿ ಮಾತ್ರ, ಅಂದ್ರೆ ಗೋಡೆಯಿಂದ ಎಳೆದ ಕರೆಂಟಲ್ಲಿ ಎಷ್ಟು ಪಾಲು ಪಾರ್ಟ್ಸಿಗೆ ಮುಟ್ಟತ್ತೆ ಎಷ್ಟು ಬಿಸಿಯಾಗಿ ಹೋಗತ್ತೆ ಅಂತ. ಒಳಗಿನ ಕ್ವಾಲಿಟಿಗೆ ಅದೊಂದೇ ಗ್ಯಾರಂಟಿ ಅಲ್ಲ. ವಾರಂಟಿ ಎಷ್ಟು ವರ್ಷ ನೋಡಿ, 7 ಅಥವಾ 10 ವರ್ಷ ಕೊಡೋ ಕಂಪನಿ ತನ್ನ ಮಾಲಿನ ಮೇಲೆ ನಂಬಿಕೆ ಇಟ್ಟಿರತ್ತೆ. ಆ ಮಾಡೆಲ್ಲನ್ನ ಬಿಚ್ಚಿ ಲೋಡ್ ಹಾಕಿ ಟೆಸ್ಟ್ ಮಾಡಿರೋ ರಿವ್ಯೂ ಒಂದಾದ್ರೂ ಓದಿ.

ಕೇಬಲ್ ವಿಷಯ ಎರಡು. ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕಬಹುದಾದ) ಸಪ್ಲೈಯ ಕೇಬಲ್ಲನ್ನ ಬೇರೆ ಸಪ್ಲೈಗೆ ಯಾವತ್ತೂ ಹಾಕ್ಬೇಡಿ, ಕನೆಕ್ಟರ್ ಸರಿಯಾಗಿ ಕೂತ್ರೂ ಒಳಗಿನ ಪಿನ್ ಜೋಡಣೆ ಬೇರೆ ಇರಬಹುದು, ಡ್ರೈವ್ ಸುಟ್ಟು ಹೋಗತ್ತೆ. ಇನ್ನೊಂದು, ಪ್ರೊಸೆಸರಿನ 8 ಪಿನ್ ಬೇರೆ, ಕಾರ್ಡಿನ 8 ಪಿನ್ ಬೇರೆ, ಕೇಬಲ್ ತುದೀಲಿ ಬರೆದಿರತ್ತೆ ಓದಿ ಹಾಕಿ. ಕಾರ್ಡಿಗೆ 16 ಪಿನ್ನಿನ ಹೊಸ ಕನೆಕ್ಟರ್ ಇದ್ರೆ ಸಂದಿ ಕಾಣದ ಹಾಗೆ ಕೊನೇವರೆಗೂ ಒತ್ತಿ, ಅರ್ಧ ಕೂತ ಕನೆಕ್ಟರ್ ಬಿಸಿಯಾಗಿ ಕರಗತ್ತೆ.

ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ನೋಡಿ ಪರೀಕ್ಷೆ ಮಾಡಿ ತಗೊಳ್ಳೋದಕ್ಕೆ ನನ್ನ ಅಡ್ಡಿ ಇಲ್ಲ. ಸೆಕೆಂಡ್ ಹ್ಯಾಂಡ್ ಪವರ್ ಸಪ್ಲೈ ಮಾತ್ರ ಬೇಡವೇ ಬೇಡ.

ಹಂತ 9: ಕ್ಯಾಬಿನೆಟ್

ಮುಂದೆ ಜಾಲರಿ ಇರೋದು ತಗೊಳ್ಳಿ, ಪೂರ್ತಿ ಗಾಜು ಮುಚ್ಚಿರೋದಲ್ಲ. ಮುಂದೆ ಎರಡು ಫ್ಯಾನ್ ಗಾಳಿ ಒಳಗೆ ಎಳೀಬೇಕು, ಹಿಂದೆ ಒಂದು ಹೊರಗೆ ದಬ್ಬಬೇಕು, ಇಷ್ಟೇ. ಬಣ್ಣದ ಲೈಟು ಚೆನ್ನಾಗಿರತ್ತೆ ನಿಜ, ಆದ್ರೆ ಕಾರ್ಡಿಗೆ ದುಡ್ಡು ಸಾಲದೆ ಇರುವಾಗ ಲೈಟಿಗೆ ಹಾಕೋದು ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ. ಲೈಟ್ ಇರೋ ಫ್ಯಾನ್ ತಗೊಂಡ್ರೆ 3 ಪಿನ್ನಿನ 5 ವೋಲ್ಟ್ ಯಾವುದು, 4 ಪಿನ್ನಿನ 12 ವೋಲ್ಟ್ ಯಾವುದು ನೋಡ್ಕೊಂಡು ಜೋಡಿಸಿ, 5 ವೋಲ್ಟಿಂದನ್ನ 12ಕ್ಕೆ ಚುಚ್ಚಿದ್ರೆ ಲೈಟ್ ಸತ್ತು ಹೋಗತ್ತೆ.

ಆಮೇಲೆ ಅಳತೆ. ಮೂರು ನಂಬರ್ ಬರ್ಕೊಳ್ಳಿ: ಕಾರ್ಡಿನ ಉದ್ದ, ಕೂಲರಿನ ಎತ್ತರ, ಬೋರ್ಡಿನ ಸೈಜು. ಎಟಿಎಕ್ಸ್ ಬೋರ್ಡ್ 305×244 ಮಿಮೀ, ಮೈಕ್ರೋ ಎಟಿಎಕ್ಸ್ 244×244. ಟವರ್ ಕೂಲರುಗಳು ಎಷ್ಟೋ 155 ಮಿಮೀ ಆಸುಪಾಸು ಇರ್ತಾವೆ, ಕ್ಯಾಬಿನೆಟ್ 150 ಅಂತ ಹೇಳಿದ್ರೆ ಬಾಗಿಲು ಮುಚ್ಚಲ್ಲ. ಕ್ಯಾಬಿನೆಟ್ಟಿನ ಸ್ಪೆಸಿಫಿಕೇಷನ್ನಲ್ಲಿ ಮೂರೂ ಬರೆದಿರತ್ತೆ.

ಹಂತ 10: ಆರ್ಡರ್ ಮಾಡೋ ಮುಂಚೆ, ಆನ್ ಮಾಡಿದ್ಮೇಲೆ

ಎಲ್ಲಾ ಪಾರ್ಟ್ಸನ್ನ ಆದಷ್ಟು ಒಂದೇ ವಾರದಲ್ಲಿ ತರಿಸಿ. ಆಫರ್ ಬಂತು ಅಂತ ಬೋರ್ಡನ್ನ ಮೂರು ತಿಂಗಳ ಮುಂಚೆ ತಗೊಂಡು ಬಾಕ್ಸಲ್ಲೇ ಇಟ್ರೆ, ಪ್ರೊಸೆಸರ್ ಬಂದ ದಿನ ಬೋರ್ಡು ಡೆಡ್ ಅಂತ ಗೊತ್ತಾದ್ರೆ ವಾಪಸ್ ಕೊಡೋ ಗಡುವು ಮುಗಿದಿರತ್ತೆ. ಬಿಲ್ಲು, ಬಾಕ್ಸು ಎರಡೂ ಎತ್ತಿಡಿ. ಆರ್ಡರ್ ಒತ್ತೋ ಮುಂಚೆ ಬೋರ್ಡಿನ ಕಂಪನಿ ಸೈಟಲ್ಲಿ ನಿಮ್ಮ ಪ್ರೊಸೆಸರ್ ಹೆಸರು ಸಪೋರ್ಟ್ ಲಿಸ್ಟಲ್ಲಿ ಇದೆಯಾ, ಯಾವ ಬಯೋಸ್ ವರ್ಷನ್ನಿಂದ ಇದೆ ಅಂತ ನೋಡಿ.

ಜೋಡಿಸೋದು ಬೇರೆಯೇ ದೊಡ್ಡ ವಿಷಯ, ಆದ್ರೆ ಹೊಸಬರು ಹೆದರೋ ಒಂದು ಜಾಗ ಇದೆ. ಡಿಡಿಆರ್5 ಪಿಸಿಯನ್ನ ಮೊದಲ ಸಲ ಆನ್ ಮಾಡಿದಾಗ ಫ್ಯಾನ್ ತಿರುಗತ್ತೆ, ಸ್ಕ್ರೀನ್ ಮಾತ್ರ ಕಪ್ಪಗೆ ಇರತ್ತೆ, ಕೆಲವು ನಿಮಿಷ ಹಾಗೇ ಇರಬಹುದು. ಬೋರ್ಡು ರ್ಯಾಮಿನ ಟೈಮಿಂಗ್ ಹೊಂದಿಸ್ಕೊಳ್ತಿರತ್ತೆ, ಮೆಮೊರಿ ಟ್ರೈನಿಂಗ್ ಅಂತಾರೆ. ಕೆಟ್ಟೋಯ್ತು ಅಂತ ಸ್ವಿಚ್ ಆಫ್ ಮಾಡ್ಬೇಡಿ, ಹತ್ತು ನಿಮಿಷ ಕಾಯಿರಿ. ಆಮೇಲೂ ಬರದಿದ್ರೆ ಬೋರ್ಡಿನ ಅಂಚಲ್ಲಿರೋ ಪುಟ್ಟ ದೀಪಗಳನ್ನ ನೋಡಿ, ಸಿಪಿಯು, ಡಿರ್ಯಾಮ್, ವಿಜಿಎ, ಬೂಟ್ ಅಂತ ಬರೆದಿರತ್ತೆ, ಯಾವುದು ಉರೀತಿದೆಯೋ ಅಲ್ಲಿಂದ ಹುಡುಕೋಕೆ ಶುರು ಮಾಡಿ. ಹತ್ತರಲ್ಲಿ ಎಂಟು ಸಲ ರ್ಯಾಮ್ ಪೂರ್ತಿ ಒತ್ತಿ ಕೂರಿಸಿರಲ್ಲ.

ಮಾನಿಟರ್ ಕೇಬಲ್ಲನ್ನ ಬೋರ್ಡಿಗಲ್ಲ, ಕೆಳಗೆ ಅಡ್ಡ ಮಲಗಿರೋ ಕಾರ್ಡಿನ ಪೋರ್ಟಿಗೆ ಚುಚ್ಚಿ. ವಿಂಡೋಸ್ ಹಾಕಿದ್ಮೇಲೆ ಡಿಸ್‌ಪ್ಲೇ ಸೆಟ್ಟಿಂಗಲ್ಲಿ ಅಡ್ವಾನ್ಸ್‌ಡ್‌ಗೆ ಹೋಗಿ ರಿಫ್ರೆಶ್ ರೇಟ್ ನೋಡಿ, ಹೊಸ 144 ಹರ್ಟ್ಸ್ ಮಾನಿಟರ್ ಎಷ್ಟೋ ಸಲ 60ರಲ್ಲೇ ನಿಂತಿರತ್ತೆ. ಅದನ್ನ 144ಕ್ಕೆ ಬದಲಾಯಿಸಿ, ಎಕ್ಸ್‌ಪೋ ಆನ್ ಇದೆಯಾ ಅಂತ ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಸ್ಪೀಡ್ ನೋಡಿ ಖಾತ್ರಿ ಮಾಡ್ಕೊಂಡು, ಹಾಳೆ ಮೇಲೆ ಬರ್ಕೊಂಡಿದ್ದ ಐದು ಗೇಮಲ್ಲಿ ಮೊದಲನೇದನ್ನ ಡೌನ್‌ಲೋಡಿಗೆ ಹಾಕಿ.